ಸೈಕಲ್ ಗುಂಡಿಗೆ ಬಿದ್ದರೆ ಹೊಣೆ ಯಾರದು?

ಬೇಲೂರಿನಿಂದ ಹಳೇಬೀಡು, ಜಾವಗಲ್, ಬಾಣಾವರ ದಾಟಿ ಅರಸೀಕೆರೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 73. ಇಂಥ ರಸ್ತೆಗಳಲ್ಲಿ ಸೈಕಲ್ ಸವಾರನಿಗೆ ಉಳಿಯೋದು ಡಾಂಬರಿನ ಅಂಚು ಮಾತ್ರ. ರಸ್ತೆ ಮೊದಲು ಹಾಳಾಗುವುದೂ ಅಲ್ಲೇ. ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋದರೆ ಡಾಂಬರಿಗೆ ಆಸರೆ ತಪ್ಪುತ್ತೆ, ನೀರು ಅಡಿಗೆ ಇಳಿಯುತ್ತೆ, ಲಾರಿ ಚಕ್ರ ಹತ್ತಿದಾಗ ಅಂಚು ಮುರಿಯುತ್ತೆ.

ಬಿದ್ದರೆ ಯಾರನ್ನು ಕೇಳೋದು? ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ ಇಲ್ಲವೇ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ. ಊರೊಳಗಿನ ಬೀದಿಯಾದರೆ ಅರಸೀಕೆರೆಯಲ್ಲಿ ನಗರಸಭೆ, ಬೇಲೂರಿನಲ್ಲಿ ಪುರಸಭೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಪ್ರಕಾರ, ಕಳಪೆ ರಸ್ತೆಗೆ ಅಧಿಕಾರಿ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ಸಾವು ಅಥವಾ ಅಂಗವೈಕಲ್ಯ ಆಗಿರಬೇಕು. ದಂಡದ ಹಣವೂ ಸರ್ಕಾರಿ ನಿಧಿಗೆ ಹೋಗುತ್ತೆ, ಗಾಯಾಳುವಿನ ಕೈಗಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗೋಣವೆಂದರೆ ಅಪಘಾತದಲ್ಲಿ ಮೋಟಾರು ವಾಹನದ ಪಾತ್ರ ಇರಲೇಬೇಕು. ಗುಂಡಿಗೆ ಇಳಿದು ತಾನಾಗಿ ಬಿದ್ದ ಸೈಕಲ್ ಸವಾರನಿಗೆ ಉಳಿಯೋದು ಸಿವಿಲ್ ಕೋರ್ಟು, ಹೈಕೋರ್ಟು.

ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಗುಂಡಿಯಿಂದಾದ ಸಾವಿಗೆ 6 ಲಕ್ಷ, ಗಾಯಕ್ಕೆ 50,000ದಿಂದ 2.5 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಅಂಥದ್ದೊಂದು ನಿಯಮ ನಮ್ಮ ತಾಲ್ಲೂಕುಗಳಿಗೂ ಬೇಕು ಅನ್ನೋದು ನನ್ನ ವಾದ.

ಅಲ್ಲಿವರೆಗೆ ಇಷ್ಟು ಮಾಡಿ: ಗುಂಡಿ ಮುಚ್ಚುವ ಮೊದಲೇ ಫೋಟೊ, ಅಳತೆ ತೆಗೆದಿಡಿ. ದೂರಿನಲ್ಲಿ ‘ಆಯತಪ್ಪಿ ಬಿದ್ದರು’ ಎಂದಷ್ಟೇ ಬರೆಸಬೇಡಿ. ರಸ್ತೆಯ ದೋಷವೂ ದಾಖಲಾಗಲಿ. ಆ ಒಂದು ಸಾಲು ಇಲ್ಲದಿದ್ದರೆ, ಮುಂದೆ ತಪ್ಪೆಲ್ಲ ಬಿದ್ದವರದ್ದೇ.