ನೀರು ಇಳಿದ ಮೇಲೆ ಬರುವ ಜ್ವರ

ಮುಂಬಯಿಯಲ್ಲಿದ್ದವರಿಗೆ 2005ರ ಜುಲೈ 26 ಎಂದರೆ ಸಾಕು, ಬೇರೆ ವಿವರಣೆ ಬೇಡ. ಅಂದು ಯಾರು ಎಲ್ಲಿ ಸಿಕ್ಕಿಬಿದ್ದರು, ಎಷ್ಟು ಹೊತ್ತಿಗೆ ಮನೆ ಮುಟ್ಟಿದರು ಎಂಬ ಕಥೆ ಎಲ್ಲರ ಬಳಿಯೂ ಇದೆ. ನಾನು ಅಂಧೇರಿಯಿಂದ ಕುರ್ಲಾಕ್ಕೆ ನಡೆದೇ ಬಂದವನು. ಸೊಂಟದ ತನಕ ನೀರು, ಕಾಲಿಗೆ ಏನು ತಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ.

ಆ ದಿನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದರ ಮುಂದಿನ ಆಗಸ್ಟ್ ತಿಂಗಳ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ರಸ್ತೆ ಒಣಗಿ, ಲೋಕಲ್ ಓಡಲು ಶುರುವಾದ ಮೇಲೆ ಆಸ್ಪತ್ರೆಗಳು ಜ್ವರದವರಿಂದ ತುಂಬಿದವು.

ನಮ್ಮ ಓಣಿಯ ಹೋಟೆಲಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬನಿದ್ದ. ನೀರು ನುಗ್ಗಿದ್ದ ಉಗ್ರಾಣವನ್ನು ಎರಡು ದಿನ ಬರಿಗಾಲಲ್ಲಿ ನಿಂತು ತೊಳೆದಿದ್ದ. ಪಾದದಲ್ಲಿ ಗಾಜು ಚುಚ್ಚಿದ ಸಣ್ಣ ಗಾಯವಿತ್ತು. ಹತ್ತನೆಯ ದಿನ ಜ್ವರ, ಮೀನಖಂಡದಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪು. "ಒಂದು ಗುಳಿಗೆ ತಗೊಂಡು ಮಲಗು ಮಾರಾಯ, ನಾಳೆ ಸರಿಯಾಗ್ತದೆ" ಅಂದರು ಧಣಿ. ಹತ್ತಿರದ ಡಾಕ್ಟರು ಮಲೇರಿಯಾ ಇರಬೇಕೆಂದು ಔಷಧ ಕೊಟ್ಟರು. ಕೊಳಚೆ ನೀರಲ್ಲಿ ನಿಂತಿದ್ದನ್ನು ಹುಡುಗ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ನಾಲ್ಕು ದಿನದಲ್ಲಿ ಕಣ್ಣು ಹಳದಿಯಾಯಿತು, ಮೂತ್ರ ನಿಂತಿತು. ಡಯಾಲಿಸಿಸ್ ಮಾಡಿಸಿ ಹೇಗೋ ಉಳಿಸಿಕೊಂಡರು.

ಅದು ಇಲಿಜ್ವರ, ಲೆಪ್ಟೊಸ್ಪೈರೋಸಿಸ್. ಸುರುಳಿಯಾಕಾರದ ಈ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಹಾಯಾಗಿ ವಾಸಿಸುತ್ತದೆ, ಇಲಿಗೆ ಏನೂ ಆಗುವುದಿಲ್ಲ. ನಾಯಿ, ಹಂದಿ, ದನಗಳ ಮೂತ್ರದಲ್ಲೂ ಬರಬಹುದು. ನೆರೆ ಬಂದಾಗ ಬಿಲ, ಗಟಾರ, ತಬೇಲಾ ಎಲ್ಲವೂ ಒಂದೇ ನೀರಾಗುತ್ತದೆ. ಗಾಯ ದೊಡ್ಡದಿರಬೇಕೆಂದಿಲ್ಲ. ಗಂಟೆಗಟ್ಟಲೆ ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಅದಕ್ಕೆ ಸಾಕು. ರೋಗ ತೋರುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ನಂತರ, ಕೆಲವೊಮ್ಮೆ ತಿಂಗಳೂ ಆಗಬಹುದು. ಅಷ್ಟರಲ್ಲಿ ನಾವು ನೀರಲ್ಲಿ ನಡೆದದ್ದನ್ನೇ ಮರೆತಿರುತ್ತೇವೆ. ಬೇಗ ಗುರುತಿಸಿದರೆ ಸಾಧಾರಣ ಆಂಟಿಬಯೋಟಿಕ್‌ನಿಂದ ವಾಸಿಯಾಗುವ ಕಾಯಿಲೆ ಇದು. ತಡವಾದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ ಮೂರಕ್ಕೂ ಕೈ ಹಾಕುತ್ತದೆ. ಆದ್ದರಿಂದ ಮಳೆಗಾಲದ ಜ್ವರಕ್ಕೆ ಡಾಕ್ಟರ ಮುಂದೆ ಕೂತಾಗ ಅವರು ಕೇಳದಿದ್ದರೂ ಹೇಳಿ: ಇಂಥ ದಿನ ನೀರಲ್ಲಿ ನಡೆದಿದ್ದೆ, ಕಾಲಲ್ಲಿ ಗಾಯವಿತ್ತು ಎಂದು.

ಈಗ ಮುಂಬಯಿ ಪಾಲಿಕೆ ಮಳೆಗಾಲದಲ್ಲಿ ಎಚ್ಚರಿಕೆ ಕೊಡುತ್ತದೆ: ನಿಂತ ನೀರಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ. ಒಮ್ಮೆ ನಡೆದವನಿಗೆ ಒಂದು ಲೆಕ್ಕ, ಗಾಯವಿದ್ದವನಿಗೆ ಇನ್ನೊಂದು, ದಿನವೂ ನೀರಲ್ಲೇ ಕೆಲಸ ಮಾಡುವವನಿಗೆ ಮತ್ತೊಂದು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆಯೇ ಔಷಧ. ಪಕ್ಕದ ಮನೆಯವರ ಸ್ಟ್ರಿಪ್ಪಿನಿಂದ ಎರಡು ಮುರಿದು ನುಂಗುವ ವಿಷಯವಲ್ಲ. 2018ರ ನೆರೆಯ ನಂತರ ಕೇರಳದಲ್ಲೂ ಇಲಿಜ್ವರ ಎದ್ದಿತು, ಅಲ್ಲೂ ಸ್ವಯಂಸೇವಕರಿಗೆ ಇದೇ ಗುಳಿಗೆ ಹಂಚಿದರು. ಇಂಥ ಎಚ್ಚರಿಕೆ ಮರಾಠಿ, ಹಿಂದಿಯಲ್ಲಿ ಕಾಣುತ್ತದೆ. ಮೊನ್ನೆಯಷ್ಟೇ ಊರಿಂದ ಬಂದ ಹೋಟೆಲ್ ಹುಡುಗನಿಗೆ ಅದು ತಲುಪುತ್ತದೆಯೇ? ನಮ್ಮಲ್ಲಿ ಸಂಘಗಳಿಗೇನೂ ಕಡಿಮೆಯಿಲ್ಲ. ಕನ್ನಡದಲ್ಲಿ ಒಂದು ಹಾಳೆ ಬರೆದು ಅಡುಗೆಮನೆಗಳಲ್ಲಿ ಅಂಟಿಸಲು ಎಷ್ಟು ಖರ್ಚಾದೀತು?

ಇನ್ನು ಕುಡಿಯುವ ನೀರು. ನಮ್ಮ ನಲ್ಲಿಗಳಲ್ಲಿ ನೀರು ಬರುವುದೇ ಕೆಲವು ಗಂಟೆ. ಉಳಿದ ಹೊತ್ತು ಪೈಪಿನಲ್ಲಿ ಒತ್ತಡವಿಲ್ಲ, ಬಿರುಕಿದ್ದರೆ ಸುತ್ತಲಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ನೇರ ಲೈನಿಗೆ ಮೋಟಾರ್ ಹಚ್ಚುವವರು ಈ ಎಳೆತವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಕಾಲರಾ, ಟೈಫಾಯ್ಡ್, ಕಾಮಾಲೆ ಬರುವ ದಾರಿ ಇದೇ. ನೆರೆಯ ನಂತರ ಸೊಸೈಟಿಯ ನೆಲದಡಿಯ ಟ್ಯಾಂಕ್ ತೊಳೆಸುವ ತನಕ ಫಿಲ್ಟರ್ ನಂಬಬೇಡಿ, ಕುದಿಸಿಯೇ ಕುಡಿಯಿರಿ. ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಕುಂದಾಪುರದ ಆ ಹುಡುಗ ಈಗ ಠಾಣೆಯಲ್ಲಿ ಸ್ವಂತ ಹೋಟೆಲ್ ಇಟ್ಟಿದ್ದಾನೆ. ಜೂನ್ ಬರುವ ಮೊದಲೇ ಎಲ್ಲರಿಗೂ ಗಮ್‌ಬೂಟು ತರಿಸುತ್ತಾನೆ. ಕಾಲು ಬೆವರುತ್ತದೆ ಎಂದು ಹುಡುಗರು ಗೊಣಗುತ್ತಾರೆ. ಬೂಟಿಲ್ಲದವನನ್ನು ಅವನು ಅಡುಗೆಮನೆಗೆ ಬಿಡುವುದಿಲ್ಲ.