ಬಂಡೆಯ ಭಯ, ಧೂಳಿನ ಸಲುಗೆ

ಕೋಲಾರದ ಚಿನ್ನದ ಗಣಿಗೆ ಇಳಿಯುತ್ತಿದ್ದವರಿಗೆ ಎರಡು ದೊಡ್ಡ ಅಪಾಯಗಳಿದ್ದವು. ಒಂದು ರಾಕ್‌ಬರ್ಸ್ಟ್. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿ ಮೇಲಿನ ಬಂಡೆಯ ಒತ್ತಡ ತಾಳಲಾರದೆ ಸುರಂಗದ ಗೋಡೆ ಒಮ್ಮೆಲೇ ಸಿಡಿಯುತ್ತಿತ್ತು, ಮೇಲಿನ ಊರೂ ಅದುರುತ್ತಿತ್ತು. ಇನ್ನೊಂದು, ಬೆಣಚುಕಲ್ಲು ಕೊರೆಯುವಾಗ ಏಳುವ ಧೂಳು. ಅದಕ್ಕೆ ಸದ್ದಿಲ್ಲ. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್, ಅಂದರೆ ಆ ಧೂಳಿನಲ್ಲಿರುವ ಸಿಲಿಕಾ ತರುವ ಶ್ವಾಸಕೋಶದ ರೋಗ, ಕಾಣಿಸಿತು.

ಬಂಡೆಗೆ ಹೆದರುವ ಮನಸ್ಸು ಧೂಳಿಗೆ ಏಕೆ ಅಷ್ಟು ಹೆದರುವುದಿಲ್ಲ? ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಸುಳಿವಿದೆ. ತಜ್ಞರು ಹೆಚ್ಚಾಗಿ ಸಾವುಗಳ ಲೆಕ್ಕ ಹಿಡಿದು ಅಪಾಯವನ್ನು ಅಳೆದರೆ, ಉಳಿದವರು ಬೇರೆ ಸಂಗತಿಗಳನ್ನೂ ತೂಗುತ್ತಾರೆ: ಒಟ್ಟಿಗೇ ಹಲವರನ್ನು ಬಲಿ ತೆಗೆದುಕೊಳ್ಳುತ್ತದೆಯೇ, ನಮ್ಮ ಹಿಡಿತದಲ್ಲಿದೆಯೇ, ಹೊಸದೇ, ಪರಿಚಿತವೇ? ಇದರ ಜೊತೆಗೆ, ಸುಲಭವಾಗಿ ನೆನಪಿಗೆ ಬರುವ ಘಟನೆಯೇ ಹೆಚ್ಚು ಸಂಭವನೀಯ ಎಂದು ನಾವು ನಂಬುತ್ತೇವೆ. ಇದನ್ನು ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ತೋರಿಸಿದ್ದರು. ಸಿಡಿದ ಬಂಡೆ ಊರಿನ ನೆನಪಾಗಿ ಉಳಿಯುತ್ತದೆ. ಧೂಳು ಯಾವ ದಿನ ಕೊಂದಿತೆಂದು ಹೇಳುವವರೇ ಇರುವುದಿಲ್ಲ.

ಧೂಳಿನ ಕೆಲಸದ ರೀತಿಯೂ ಹಾಗೆಯೇ ಇದೆ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಸುಮಾರು 5 ಮೈಕ್ರಾನಿಗಿಂತ ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ಗಾಳಿಗೂಡುಗಳನ್ನು ಮುಟ್ಟುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ತಾವೇ ಸಾಯುತ್ತವೆ, ಕಣಗಳು ಮತ್ತೆ ಹೊರಬೀಳುತ್ತವೆ, ಉರಿಯೂತ ಮುಂದುವರಿದು ಮೃದು ಅಂಗಾಂಶ ಗಡುಸಾಗುತ್ತದೆ. ರೋಗ ಹೊರಗೆ ಕಾಣಲು ಸಾಮಾನ್ಯವಾಗಿ 10 ವರ್ಷಕ್ಕೂ ಹೆಚ್ಚು ಕಾಲ ಬೇಕು. ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ. ಗಡುಸಾದ ಭಾಗವನ್ನು ಸರಿಪಡಿಸುವ ಔಷಧಿ ಇಲ್ಲ.

ಅಷ್ಟೂ ವರ್ಷ ಪ್ರತಿ ಪಾಳಿಯೂ ಒಂದು ತಪ್ಪು ಪಾಠ ಕಲಿಸುತ್ತದೆ: ‘ಇವತ್ತೂ ಏನೂ ಆಗಲಿಲ್ಲ.’ ಅನುಭವ ಹೆಚ್ಚಿದಂತೆ ಎಚ್ಚರ ಹೆಚ್ಚಬೇಕಿತ್ತು, ಸಲುಗೆ ಹೆಚ್ಚುತ್ತದೆ. ಹಳಬರು ಮಾಸ್ಕ್ ಹಾಕದ್ದನ್ನು ನೋಡಿ ಹೊಸಬರೂ ತೆಗೆದಿಡುತ್ತಾರೆ.

ಹಾಗೆಂದು ಇಡೀ ಹೊಣೆಯನ್ನು ಕಾರ್ಮಿಕರ ತಿಳಿವಳಿಕೆಯ ಮೇಲೆ ಹೊರಿಸುವುದು ಸರಿಯಲ್ಲ. ಜನ ತಾವೇ ಆರಿಸಿಕೊಂಡ ಅಪಾಯವನ್ನು, ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿ ಸಹಿಸುತ್ತಾರೆ ಎಂದು ಅಮೆರಿಕದ ಎಂಜಿನಿಯರ್ ಚಾನ್ಸಿ ಸ್ಟಾರ್ 1969ರಲ್ಲಿ ಅಂದಾಜು ಮಾಡಿದ್ದರು. ಆದರೆ ಕಲ್ಲು ಕೊರೆಯುವ ಕೆಲಸ ಬಿಟ್ಟರೆ ಸಂಜೆ ಒಲೆ ಉರಿಯದು ಎನ್ನುವವರದು ಎಂಥ ಆಯ್ಕೆ? ಅವರಿಗೆ ಧೂಳು ದೂರದ ಅಪಾಯ, ಕೂಲಿ ತಪ್ಪುವುದು ನಾಳೆಯದು. ಅವರ ಲೆಕ್ಕದಲ್ಲಿ ತರ್ಕವಿದೆ.

ಆದ್ದರಿಂದಲೇ ಕೈಗಾರಿಕಾ ಸುರಕ್ಷತೆ ಭಯವನ್ನು ನೆಚ್ಚಿಕೊಂಡು ಕೂರುವುದಿಲ್ಲ. ಸಾಧ್ಯವಿದ್ದರೆ ಅಪಾಯಕಾರಿ ವಸ್ತುವನ್ನೇ ಬದಲಿಸುವುದು, ಆಗದಿದ್ದರೆ ನೀರು ಹಾಯಿಸಿ ಕೊರೆಯುವುದು, ಧೂಳು ಹೀರುವ ಯಂತ್ರ ಇಡುವುದು. ಮಾಸ್ಕ್ ಬರುವುದು ಕೊನೆಗೆ. ನೀರು ಹಾಯಿಸುವ ಡ್ರಿಲ್ಲಿಗೆ ಆ ದಿನ ಯಾರಿಗೆ ಎಷ್ಟು ಹೆದರಿಕೆ ಇತ್ತೆಂಬುದು ಬೇಕಿಲ್ಲ. ಗಾಳಿಯಲ್ಲಿನ ಸಿಲಿಕಾವನ್ನು ಅಳೆಯುವ ಉಪಕರಣಕ್ಕೂ ಅಷ್ಟೇ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆದರೆ ಗ್ರಾನೈಟ್ ಕತ್ತರಿಸುವ ಶೆಡ್ಡುಗಳಲ್ಲಿ, ಜಲ್ಲಿ ಕ್ರಷರುಗಳಲ್ಲಿ ಅದೇ ಸಿಲಿಕಾ ಧೂಳು ಇಂದಿಗೂ ಏಳುತ್ತಿದೆ. ಅಲ್ಲಿ ‘ಇದುವರೆಗೆ ಎಷ್ಟು ಅಪಘಾತ ಆಗಿದೆ?’ ಎಂದು ಕೇಳಿದರೆ ಸಾಲದು. ‘ಈ ಗಾಳಿಯನ್ನು ಕೊನೆಯ ಸಲ ಅಳೆದದ್ದು ಯಾವಾಗ?’ ಎಂದೂ ಕೇಳಬೇಕು.