ಹಸುಗೂಸಿನ ನಿದ್ದೆ: ತಾಯಿಯ ಮಗ್ಗುಲೋ, ಬೇರೆ ಕೋಣೆಯೋ?

ಹಸುಗೂಸು ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮನೆತನದ ರೂಢಿ. ಕರ್ನಾಟಕದಲ್ಲಿ ಬಾಣಂತನಕ್ಕೆ ತವರಿಗೆ ಬಂದ ಮಗಳ ಮಗ್ಗುಲಲ್ಲಿ ಕೂಸನ್ನು ಮಲಗಿಸುವಾಗ ಯಾರೂ ಎರಡನೆಯ ಮಾತಾಡುವುದಿಲ್ಲ. ಹಗಲು ತೊಟ್ಟಿಲು ಇಲ್ಲವೇ ಸೀರೆಯ ಜೋಲಿ. ರಾತ್ರಿ ಅಮ್ಮನ ಮೈಬಿಸುಪು.

ಎಲ್ಲೆಡೆಯೂ ಹೀಗಿಲ್ಲ. ಗ್ವಾಟೆಮಾಲಾದ ಮಾಯಾ ಜನಾಂಗ ಹಾಗೂ ಅಮೆರಿಕದ ಮಧ್ಯಮ ವರ್ಗದ ತಾಯಂದಿರನ್ನು ಹೋಲಿಸಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಮಾಯಾ ತಾಯಂದಿರೆಲ್ಲರೂ ಮಗುವಿನೊಡನೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಅಮೆರಿಕದ ಕೂಸುಗಳನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆಂದು ಕೇಳಿ ಅವರು ಮರುಗಿದರು. ಅಮೆರಿಕದ ಹೆತ್ತವರಿಗಾದರೋ, ಮಗು ಸ್ವಾವಲಂಬನೆ ಕಲಿಯಲು ಅದೇ ದಾರಿಯಾಗಿತ್ತು.

ಇದು ಕೇವಲ ಅಭಿರುಚಿಯ ಮಾತಾಗಿದ್ದರೆ ಚರ್ಚೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಕಾರಣ ತಿಳಿಯದೆ ಅಸುನೀಗುವ 'ಹಠಾತ್ ಶಿಶುಮರಣ'ದ ಭಯ ಇದಕ್ಕೆ ತಳಕು ಹಾಕಿಕೊಂಡಿದೆ.

ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳಲ್ಲಿ ಇಂಥ ಸಾವು ಕಡಿಮೆ. ಇದೇಕೆಂದು ಬ್ರಾಡ್‌ಫೋರ್ಡ್ ನಗರದ 2,500ಕ್ಕೂ ಹೆಚ್ಚು ತಾಯಂದಿರನ್ನು ವಿಚಾರಿಸಿದ ಅಧ್ಯಯನ 2012ರಲ್ಲಿ ಹೊರಬಂದಿತು. ಪಾಕಿಸ್ತಾನ ಮೂಲದ ಮನೆಗಳಲ್ಲಿ ಶಿಶುವನ್ನು ಒಂಟಿಯಾಗಿ ಮಲಗಿಸುವುದು ಅಪರೂಪ. ತಾಯಂದಿರ ಧೂಮಪಾನ, ಮದ್ಯಪಾನವೂ ಅಪರೂಪ. ಸೋಫಾದ ಮೇಲೆ ಮಗುವಿನೊಡನೆ ನಿದ್ದೆಹೋಗುವುದೂ ಬಿಳಿಯ ಬ್ರಿಟಿಷ್ ಕುಟುಂಬಗಳಲ್ಲೇ ಹೆಚ್ಚು ಕಂಡುಬಂತು. ಹಾಗೆಂದು ರೂಢಿಯೆಲ್ಲವೂ ನಿರಪಾಯಕಾರಿಯಲ್ಲ: ಮಗುವಿಗೆ ದಿಂಬು, ದಪ್ಪ ಹೊದಿಕೆ ಬಳಸುವುದು ಪಾಕಿಸ್ತಾನ ಮೂಲದವರಲ್ಲೇ ಅಧಿಕವಾಗಿತ್ತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಸಲಹೆಯಂತೆ, ಕನಿಷ್ಠ ಮೊದಲ ಆರು ತಿಂಗಳು ಮಗು ಹೆತ್ತವರ ಕೋಣೆಯಲ್ಲೇ ಇರಬೇಕು, ಆದರೆ ಪ್ರತ್ಯೇಕ ಹಾಸಿಗೆಯಲ್ಲಿ. ಒಂದೇ ಕೋಣೆ ಎಂಬಷ್ಟರ ಮಟ್ಟಿಗೆ ಅಜ್ಜಿಯ ಮಾತೂ ವೈದ್ಯರ ಮಾತೂ ಕೂಡುತ್ತವೆ. ಒಂದೇ ಹಾಸಿಗೆ ಎಂಬಲ್ಲಿ ಬೇರೆಯಾಗುತ್ತವೆ.

ಊರು ಬಿಟ್ಟು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿದ ಕನ್ನಡದ ದಂಪತಿಗಳು ಈ ಎರಡು ಮಾತುಗಳ ನಡುವೆ ತೊಳಲಬೇಕಿಲ್ಲ. ತಾಯಿಯ ಮಂಚಕ್ಕೆ ಕೈಗೆಟಕುವಂತೆ ಸಮತಟ್ಟಾದ, ಗಟ್ಟಿ ಹಾಸಿನ ತೊಟ್ಟಿಲಿಟ್ಟರೆ ರಾತ್ರಿ ಹಾಲೂಡಿಸುವುದೂ ಸುಲಭ. ಮಗುವನ್ನು ಅಂಗಾತ ಮಲಗಿಸಬೇಕು. ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು ಬೇಡ. ಬೆನ್ನು ಬಾಗಿಸುವ ಜೋಲಿ ರಾತ್ರಿಯ ನಿದ್ದೆಗೆ ತಕ್ಕದ್ದಲ್ಲ. ಮನೆಯೊಳಗೆ ಬೀಡಿ, ಸಿಗರೇಟಿನ ಹೊಗೆ ಸುಳಿಯಲೇಬಾರದು. ಇಷ್ಟು ಪಾಲಿಸಿದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಅಮ್ಮನ ಸಾಮೀಪ್ಯವೂ ಮಗುವಿಗೆ ತಪ್ಪುವುದಿಲ್ಲ.